ಅಲ್ಪವೆಚ್ಚದ ಭಯಾನಕ ಚಿತ್ರಗಳ ಹಿನ್ನೆಲೆ ಸಂಗೀತ: ಸೂತ್ರ, ಮರುಬಳಕೆ ಮತ್ತು ಅನಾಮಿಕತೆ

ಪೀಠಿಕೆ

ಜನಪ್ರಿಯ ಕಲೆಗಳ ಅಧ್ಯಯನದಲ್ಲಿ ಬಹುಕಾಲ ಅಲಕ್ಷ್ಯಕ್ಕೆ ಒಳಗಾದ ಪ್ರಕಾರಗಳಲ್ಲಿ ಅಮೆರಿಕದ ಅಲ್ಪವೆಚ್ಚದ ಭಯಾನಕ ಚಿತ್ರಗಳೂ ವಿಜ್ಞಾನ ಕಥಾಚಿತ್ರಗಳೂ ಸೇರುತ್ತವೆ. ೧೯೩೦ರ ದಶಕದಿಂದ ೧೯೭೦ರ ದಶಕದವರೆಗೆ ಇಂತಹ ನೂರಾರು ಚಿತ್ರಗಳು ತಯಾರಾದವು. ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳನ್ನು ತೋರಿಸುವ ಪದ್ಧತಿಯಲ್ಲಿ ಎರಡನೆಯ ಚಿತ್ರವಾಗಿಯೂ, ಕಾರಿನಲ್ಲೇ ಕುಳಿತು ನೋಡುವ ಬಯಲು ಚಿತ್ರಮಂದಿರಗಳ ರಾತ್ರಿಯ ಸರಕಾಗಿಯೂ ಇವು ಪ್ರೇಕ್ಷಕರನ್ನು ತಲುಪಿದವು. ರಬ್ಬರಿನ ಉಡುಪು ತೊಟ್ಟ ದೈತ್ಯ, ದಾರದಿಂದ ತೂಗುಬಿಟ್ಟ ಹಾರುವ ತಟ್ಟೆ, ಹಲಗೆಯಿಂದ ಮಾಡಿದ ಗ್ರಹಾಂತರ ನೌಕೆ ಇವುಗಳ ಸಾಮಾನ್ಯ ಸಾಮಗ್ರಿ. ವಿಮರ್ಶಕರು ಇವನ್ನು ನಗೆಯ ವಸ್ತುವೆಂದು ಬದಿಗಿಟ್ಟರು. ಆದರೆ ಈ ಚಿತ್ರಗಳ ದೃಶ್ಯಗಳನ್ನು ಮರೆತವರಿಗೂ ಅವುಗಳ ಸಂಗೀತ ನೆನಪಿನಲ್ಲಿ ಉಳಿದಿದೆ ಎಂಬುದು ಗಮನಾರ್ಹ. ದೈತ್ಯನ ಆಗಮನವನ್ನು ಸಾರುವ ತುತ್ತೂರಿಗಳ ಅಬ್ಬರ, ಅನ್ಯಗ್ರಹವನ್ನು ಸೂಚಿಸುವ ಅಳುವಂತಹ ನಾದ, ಕತ್ತಲ ಮೆಟ್ಟಿಲುಗಳ ಮೇಲೆ ನಡುಗುವ ಪಿಟೀಲುಗಳು ಇಂದು ಜಗತ್ತಿನ ಎಲ್ಲೆಡೆ ಭೀತಿಯ ಸಾಮಾನ್ಯ ಭಾಷೆಯಾಗಿವೆ.

ಈ ಭಾಷೆ ಯಾರೊಬ್ಬರ ಪ್ರತಿಭೆಯಿಂದ ಒಮ್ಮೆಗೇ ಹುಟ್ಟಿದುದಲ್ಲ. ಹಣದ ಅಭಾವ, ಸಮಯದ ಅಭಾವ ಮತ್ತು ಮರುಬಳಕೆಯ ಅನಿವಾರ್ಯತೆಗಳ ನಡುವೆ ಅದು ಕ್ರಮೇಣ ರೂಪುಗೊಂಡಿತು. ಮೌಖಿಕ ಕಾವ್ಯದ ಅಧ್ಯಯನದಲ್ಲಿ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಗುರುತಿಸಿದ 'ಸೂತ್ರ'ದ ಪರಿಕಲ್ಪನೆ ಇಲ್ಲಿ ಉಪಯುಕ್ತವಾಗುತ್ತದೆ. ೧೯೩೦ರ ದಶಕದಲ್ಲಿ ಯುಗೊಸ್ಲಾವಿಯದ ಗಾಯಕರ ನಡುವೆ ಕ್ಷೇತ್ರಕಾರ್ಯ ಮಾಡಿದ ಪ್ಯಾರಿಯ ಸಂಶೋಧನೆಯನ್ನು ಮುಂದುವರಿಸಿ ಲಾರ್ಡ್ ೧೯೬೦ರಲ್ಲಿ ಪ್ರಕಟಿಸಿದ 'ದ ಸಿಂಗರ್ ಆಫ್ ಟೇಲ್ಸ್' ಗ್ರಂಥವು, ಗಾಯಕನು ಕಂಠಪಾಠ ಮಾಡಿದ ಪಠ್ಯವನ್ನು ಒಪ್ಪಿಸುವುದಿಲ್ಲ, ಪರಂಪರೆಯಿಂದ ಬಂದ ಸಿದ್ಧ ಘಟಕಗಳನ್ನು ಸಂದರ್ಭಕ್ಕೆ ತಕ್ಕಂತೆ ಜೋಡಿಸುತ್ತ ಹಾಡುವಾಗಲೇ ಕಾವ್ಯವನ್ನು ಕಟ್ಟುತ್ತಾನೆ ಎಂಬುದನ್ನು ತೋರಿಸಿಕೊಟ್ಟಿತು. ಅಲ್ಪವೆಚ್ಚದ ಚಿತ್ರಗಳ ಸಂಗೀತವೂ ಬಹುಮಟ್ಟಿಗೆ ಹೀಗೆಯೇ ಕಟ್ಟಲ್ಪಟ್ಟಿತು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಜನಪದ ಪರಂಪರೆಯಲ್ಲಿ ಕರ್ತೃವಿನ ಹೆಸರು ಕಾಲಕ್ರಮದಲ್ಲಿ ತಾನಾಗಿ ಅಳಿಯುವುದುಂಟು. ಈ ಚಿತ್ರಗಳಲ್ಲಿ ಹೆಸರು ಅಳಿದುದು ಕಾಲದಿಂದಲ್ಲ, ವ್ಯವಸ್ಥೆಯಿಂದ. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂಕಿಚಿತ್ರಗಳ ಬಳುವಳಿ

ಭಯಾನಕ ಸಂಗೀತದ ಸೂತ್ರಗಳಿಗೆ ಮೂಕಿಚಿತ್ರಗಳ ಕಾಲದಲ್ಲೇ ಬೀಜಾಂಕುರವಾಗಿತ್ತು. ಆಗ ಪ್ರತಿ ಚಿತ್ರಮಂದಿರದಲ್ಲಿಯೂ ಪಿಯಾನೊ, ಆರ್ಗನ್ ಅಥವಾ ಸಣ್ಣ ವಾದ್ಯವೃಂದ ಪರದೆಯ ಮುಂದೆ ಕುಳಿತು ನುಡಿಸುತ್ತಿತ್ತು. ವಾರವಾರವೂ ಚಿತ್ರ ಬದಲಾಗುತ್ತಿದ್ದುದರಿಂದ ಪ್ರತಿಯೊಂದಕ್ಕೂ ಹೊಸ ಸಂಗೀತ ರಚಿಸುವುದು ಅಸಾಧ್ಯವಾಗಿತ್ತು. ಈ ಅಗತ್ಯದಿಂದ ಸಂದರ್ಭಾನುಸಾರಿ ಸಂಗೀತ ಸಂಗ್ರಹಗಳು ಹುಟ್ಟಿಕೊಂಡವು. ಬರ್ಲಿನ್‌ನಲ್ಲಿ ಜುಸೆಪೆ ಬೆಚ್ಚೆ ೧೯೧೯ರಿಂದ ಹೊರತಂದ 'ಕಿನೊಥೆಕ್' ಮಾಲಿಕೆ, ಅಮೆರಿಕದಲ್ಲಿ ಅರ್ನೊ ರಾಪೆ ೧೯೨೪ರಲ್ಲಿ ಪ್ರಕಟಿಸಿದ 'ಮೋಷನ್ ಪಿಕ್ಚರ್ ಮೂಡ್ಸ್' ಇವುಗಳಲ್ಲಿ ಪ್ರಮುಖವಾದವು. ರಾಪೆಯ ಗ್ರಂಥವು ಸಂಗೀತ ತುಣುಕುಗಳನ್ನು ೫೨ ಭಾವ-ಸನ್ನಿವೇಶಗಳಿಗೆ ಹೊಂದಿಸಿತ್ತು. ವಾದಕನು ನುಡಿಸುತ್ತಿರುವಾಗಲೇ ಕಣ್ಣಾಡಿಸಿ ಬೇಕಾದ ಪುಟಕ್ಕೆ ಹೋಗಲು ಅನುಕೂಲವಾಗುವಂತೆ ಪುಟದ ಅಂಚಿನಲ್ಲಿ ಸೂಚಿಯನ್ನು ಮುದ್ರಿಸಲಾಗಿತ್ತು. ಬಿರುಗಾಳಿ, ಯುದ್ಧ, ಪ್ರಣಯಗಳ ಜೊತೆಗೆ ಅಶುಭ ಸೂಚನೆಗೂ ಅಲ್ಲಿ ಪ್ರತ್ಯೇಕ ಸ್ಥಾನವಿತ್ತು.

ಸ್ಟಿತ್ ಥಾಂಪ್ಸನ್ ಜನಪದ ಕಥೆಗಳ ಆಶಯ ಸೂಚಿಯನ್ನು ಪ್ರಕಟಿಸಲು ತೊಡಗಿದುದು ೧೯೩೨ರಲ್ಲಿ. ಅದಕ್ಕಿಂತ ಎಂಟು ವರ್ಷ ಮೊದಲೇ ಚಿತ್ರಮಂದಿರದ ವಾದಕನ ಮುಂದೆ ಒಂದು ಬಗೆಯ ಸಂಗೀತದ ಆಶಯ ಸೂಚಿ ತೆರೆದುಕೊಂಡಿತ್ತು. ಥಾಂಪ್ಸನ್‌ನದು ವಿದ್ವಾಂಸರ ವರ್ಗೀಕರಣ, ರಾಪೆಯದು ಕಸುಬುದಾರರ ಕೈಪಿಡಿ ಎಂಬ ಭೇದವನ್ನು ಮರೆಯುವಂತಿಲ್ಲ. ಆದರೂ 'ಇಂತಹ ಸನ್ನಿವೇಶಕ್ಕೆ ಇಂತಹ ಸಂಗೀತ' ಎಂಬ ಒಪ್ಪಂದವು ವಾದಕರಿಗೂ ಪ್ರೇಕ್ಷಕರಿಗೂ ಏಕಕಾಲದಲ್ಲಿ ರೂಢಿಯಾದುದು ಇಂತಹ ಕೈಪಿಡಿಗಳಿಂದಲೇ.

ವಾಕ್ಚಿತ್ರ ಬಂದ ಮೊದಲ ವರ್ಷಗಳಲ್ಲಿ ಹಿನ್ನೆಲೆ ಸಂಗೀತದ ಬಗ್ಗೆ ನಿರ್ಮಾಪಕರಲ್ಲಿ ಹಿಂಜರಿಕೆಯಿತ್ತು. ಯೂನಿವರ್ಸಲ್ ಸಂಸ್ಥೆಯ 'ಡ್ರಾಕುಲಾ' (೧೯೩೧) ಚಿತ್ರದಲ್ಲಿ ಕಥೆಗೆಂದು ರಚಿಸಿದ ಹಿನ್ನೆಲೆ ಸಂಗೀತವೇ ಇಲ್ಲ. ಶೀರ್ಷಿಕೆ ಪಟ್ಟಿಯ ಮೇಲೆ ಚೈಕೋವ್‌ಸ್ಕಿಯ 'ಸ್ವಾನ್ ಲೇಕ್' ನೃತ್ಯನಾಟಕದ ಒಂದು ಭಾಗ ಕೇಳಿಬರುತ್ತದೆ. ಅನಂತರ ಬಹುಮಟ್ಟಿಗೆ ಮೌನ. ಅದೇ ಭಾಗವನ್ನು ಸಂಸ್ಥೆಯು ೧೯೩೨ರಲ್ಲಿ 'ದ ಮಮ್ಮಿ' ಚಿತ್ರದ ಶೀರ್ಷಿಕೆಗೂ ಬಳಸಿತು. ಹಂಸಕನ್ಯೆಯ ಶಾಪದ ಕಥೆಗೆ ಹುಟ್ಟಿದ ಸಂಗೀತವು ಹೀಗೆ ಹಲವು ವರ್ಷ ಭೂತಪ್ರೇತಗಳ ಗುರುತಾಯಿತು. ಅದೇ ೧೯೩೨ರಲ್ಲಿ ಸ್ವತಂತ್ರ ನಿರ್ಮಾಪಕರು ತಯಾರಿಸಿದ 'ವೈಟ್ ಜೋಂಬಿ' ಚಿತ್ರಕ್ಕೆ ಏಬ್ ಮೇಯರ್ ಎಂಬಾತ ಮುಸೋರ್ಗ್‌ಸ್ಕಿ, ಲಿಸ್ಟ್ ಮೊದಲಾದವರ ಕೃತಿಗಳ ಭಾಗಗಳನ್ನು ಹೊಂದಿಸಿಕೊಟ್ಟನು. ಸ್ವಂತ ಸಂಗೀತ ವಿಭಾಗವನ್ನು ಇರಿಸಿಕೊಳ್ಳಲಾರದ ಸಣ್ಣ ನಿರ್ಮಾಪಕರಿಗೆ ಸಂಗೀತ ಒದಗಿಸುವುದೇ ಮೇಯರನ ಉದ್ಯಮವಾಗಿತ್ತು. ಮೂಕಿಚಿತ್ರದ ವಾದಕನ ಸಂಗ್ರಹವು ಹೀಗೆ ವಾಕ್ಚಿತ್ರದ ಧ್ವನಿಪಥಕ್ಕೆ ದಾಟಿಬಂದಿತು.

ಯೂನಿವರ್ಸಲ್ ಸಂಸ್ಥೆಯ ಸಂಗೀತ ಕಮ್ಮಟ

ಮರುಬಳಕೆಯು ಒಂದು ವ್ಯವಸ್ಥಿತ ಕಸುಬಾಗಿ ಬೆಳೆದುದನ್ನು ನೋಡಲು ಯೂನಿವರ್ಸಲ್ ಸಂಸ್ಥೆಯ ಸಂಗೀತ ವಿಭಾಗವೇ ಉತ್ತಮ ನಿದರ್ಶನ. ೧೯೩೫ರ 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್' ಚಿತ್ರಕ್ಕೆ ಫ್ರಾಂಜ್ ವ್ಯಾಕ್ಸ್‌ಮನ್ ರಚಿಸಿದ ಸಂಗೀತವು ಅನಂತರ 'ಫ್ಲ್ಯಾಶ್ ಗಾರ್ಡನ್' ಧಾರಾವಾಹಿ ಚಿತ್ರಗಳಲ್ಲಿ ಕಾಣಿಸಿಕೊಂಡಿತು. ಪ್ರಯೋಗಶಾಲೆಯ ಶವಕ್ಕೆ ಜೀವ ತುಂಬಿದ ಸ್ವರಗಳು ಗ್ರಹಾಂತರ ಯಾನಕ್ಕೂ ಒದಗಿದವು. 'ಸನ್ ಆಫ್ ಫ್ರಾಂಕೆನ್‌ಸ್ಟೈನ್' (೧೯೩೯) ಚಿತ್ರಕ್ಕಾಗಿ ಫ್ರಾಂಕ್ ಸ್ಕಿನ್ನರ್ ರಚಿಸಿ, ಹಾನ್ಸ್ ಸಾಲ್ಟರ್ ವಾದ್ಯಗಳಿಗೆ ಅಳವಡಿಸಿದ ಸಂಗೀತದ ಬಹುಭಾಗ ಮರುವರ್ಷವೇ 'ದ ಮಮ್ಮೀಸ್ ಹ್ಯಾಂಡ್' (೧೯೪೦) ಚಿತ್ರಕ್ಕೆ ಹೋಯಿತು. ೧೯೪೦ರ ದಶಕದ ಉದ್ದಕ್ಕೂ ಈ ಸಂಗ್ರಹ ಬೆಳೆಯುತ್ತ, ಬಳಕೆಯಾಗುತ್ತ ಸಾಗಿತು.

ಸಾಲ್ಟರ್ (೧೮೯೬-೧೯೯೪) ವಿಯೆನ್ನಾದಲ್ಲಿ ಹುಟ್ಟಿ ಶಿಕ್ಷಣ ಪಡೆದವನು. ನಾಜಿ ಆಳ್ವಿಕೆಯ ಕಾಲದಲ್ಲಿ, ೧೯೩೭ರಲ್ಲಿ, ಅಮೆರಿಕಕ್ಕೆ ಬಂದನು. ಮಧ್ಯ ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ ಇಂತಹ ವಲಸಿಗರು ಹಾಲಿವುಡ್ಡಿನ ಕೆಳದರ್ಜೆಯ ಚಿತ್ರಗಳಿಗೆ ದುಡಿದುದರಿಂದ ವ್ಯಾಗ್ನರ್, ಸ್ಟ್ರಾಸ್ ಪರಂಪರೆಯ ವಾದ್ಯಸಂಯೋಜನೆಯು ತೋಳಮನುಷ್ಯ, ಮಮ್ಮಿಗಳ ಕಥೆಗಳಿಗೆ ಒದಗಿತು. ಭಯಾನಕ ಸಂಗೀತದ ಗಾಂಭೀರ್ಯಕ್ಕೂ ಚಿತ್ರಗಳ ಅಗ್ಗದ ಸಾಮಗ್ರಿಗೂ ಇರುವ ಅಂತರಕ್ಕೆ ಇದು ಒಂದು ಕಾರಣ.

೧೯೫೦ರ ದಶಕದಲ್ಲಿ ವಿಜ್ಞಾನ ಕಥಾಚಿತ್ರಗಳ ಅಲೆ ಎದ್ದಾಗ ಈ ವಿಭಾಗದ ಕಾರ್ಯವಿಧಾನ ಇನ್ನಷ್ಟು ಖಚಿತ ರೂಪ ಪಡೆಯಿತು. ಜೋಸೆಫ್ ಗೆರ್ಶೆನ್‌ಸನ್ ವಿಭಾಗದ ಮುಖ್ಯಸ್ಥನಾಗಿದ್ದನು. ಸಂಕಲನ ಮುಗಿದ ಚಿತ್ರವನ್ನು ನೋಡಿ ಎಲ್ಲೆಲ್ಲಿ ಸಂಗೀತ ಬೇಕೆಂದು ಗುರುತಿಸಲಾಗುತ್ತಿತ್ತು. ಯಾವ ಭಾಗಕ್ಕೆ ಹಳೆಯ ಸಂಗೀತ ಹೊಂದುತ್ತದೆ, ಯಾವುದಕ್ಕೆ ಹೊಸತು ಬೇಕು ಎಂದು ನಿರ್ಧರಿಸಿ, ಹೊಸ ಭಾಗಗಳನ್ನು ಇಬ್ಬರು ಮೂವರು ಸಂಯೋಜಕರಿಗೆ ಹಂಚಲಾಗುತ್ತಿತ್ತು. ಹಳೆಯ ಭಾಗಗಳ ಸ್ವರಲಿಪಿಯನ್ನು ಗ್ರಂಥಾಲಯದಿಂದ ಹೊರತೆಗೆದು, ಅಗತ್ಯವಿದ್ದಷ್ಟು ಮೊಟಕುಗೊಳಿಸಿಯೋ ಹಿಗ್ಗಿಸಿಯೋ ವಾದ್ಯವೃಂದದಿಂದ ಮತ್ತೆ ನುಡಿಸಿ ಮುದ್ರಿಸಿಕೊಳ್ಳಲಾಗುತ್ತಿತ್ತು. ಇದು ಬರಿಯ ನಕಲಲ್ಲ. ಒಂದೇ ಘಟಕವು ಬೇರೆ ಗತಿಯಲ್ಲಿ, ಬೇರೆ ಅಳತೆಯಲ್ಲಿ ಮರುಪ್ರದರ್ಶನಗೊಳ್ಳುತ್ತಿತ್ತು. ಪಠ್ಯದ ಭಿನ್ನಪಾಠಗಳನ್ನು ಬಲ್ಲ ಜಾನಪದ ಅಧ್ಯಯನಕಾರರಿಗೆ ಈ ವಿಧಾನ ಅಪರಿಚಿತವೆನಿಸದು.

ಮೂರು ಸ್ವರಗಳ ಆಶಯ

ಈ ವ್ಯವಸ್ಥೆಯಲ್ಲಿ ಹುಟ್ಟಿದ ಅತ್ಯಂತ ಪ್ರಸಿದ್ಧ ಸೂತ್ರವೆಂದರೆ 'ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್' (೧೯೫೪) ಚಿತ್ರದ ಮೂರು ಸ್ವರಗಳ ಆಶಯ. ಅಮೆಜಾನ್ ನದಿಯ ಆಳದಲ್ಲಿ ಉಳಿದುಕೊಂಡ, ಅರ್ಧ ಮೀನು ಅರ್ಧ ಮನುಷ್ಯ ರೂಪದ ಜೀವಿಯೊಂದರ ಕಥೆ ಅದು. ಆ ಜೀವಿ ಕಾಣಿಸಿಕೊಂಡಾಗಲೆಲ್ಲ, ಕೆಲವೊಮ್ಮೆ ಅದರ ಕೈ ಮಾತ್ರ ಕಂಡಾಗಲೂ, ಟ್ರಂಪೆಟ್ ಟ್ರಾಂಬೋನ್‌ಗಳ ಬಳಗವು ಮೂರು ಸ್ವರಗಳನ್ನು ಸ್ಫೋಟಿಸುತ್ತದೆ. ಮೊದಲೆರಡು ಸ್ವರಗಳು ಚುರುಕಾಗಿ ಬಂದರೆ ಮೂರನೆಯದು ನೀಳವಾಗಿ ಚೀರುತ್ತದೆ. ಇದನ್ನು ರಚಿಸಿದವನು ಹರ್ಮನ್ ಸ್ಟೈನ್ (೧೯೧೫-೨೦೦೭). ಚಿತ್ರದ ಉಳಿದ ಭಾಗಗಳನ್ನು ಸಾಲ್ಟರ್, ಹೆನ್ರಿ ಮ್ಯಾನ್ಸಿನಿ ಮತ್ತು ಸ್ಟೈನ್ ಹಂಚಿಕೊಂಡರು. ಮೂವರೂ ತಮ್ಮ ತಮ್ಮ ಭಾಗಗಳಲ್ಲಿ ಅದೇ ಆಶಯವನ್ನು ಬಳಸಲೇಬೇಕಾಗಿದ್ದುದರಿಂದ ಅದು ಒಬ್ಬನ ಸ್ವತ್ತಾಗಿ ಉಳಿಯದೆ ಕಮ್ಮಟದ ಸಾಮಾನ್ಯ ಸೊತ್ತಾಯಿತು. ೧೯೫೫ ಮತ್ತು ೧೯೫೬ರಲ್ಲಿ ಬಂದ ಮುಂದಿನ ಎರಡು ಭಾಗಗಳಲ್ಲಿಯೂ ಅದು ಮುಂದುವರಿಯಿತು.

ಈ ಆಶಯದ ಕಾರ್ಯವನ್ನು ವಿಶ್ಲೇಷಿಸಿದಾಗ ಮೂರು ಅಂಶಗಳು ಕಾಣುತ್ತವೆ. ಮೊದಲನೆಯದಾಗಿ, ಅದು ಗುರುತಿನ ಚಿಹ್ನೆ. ಮಹಾಕಾವ್ಯದಲ್ಲಿ ವೀರನ ಹೆಸರಿನೊಂದಿಗೆ ತಪ್ಪದೆ ಬರುವ ವಿಶೇಷಣದಂತೆ ಅದು ಪಾತ್ರಕ್ಕೆ ಅಂಟಿಕೊಂಡಿರುತ್ತದೆ. ಎರಡನೆಯದಾಗಿ, ಅದು ದೃಶ್ಯದ ಕೊರತೆಯನ್ನು ತುಂಬುತ್ತದೆ. ದೈತ್ಯನ ಉಡುಪನ್ನು ಹೆಚ್ಚು ಹೊತ್ತು ತೋರಿಸಿದಷ್ಟೂ ಅದರ ಹೊಲಿಗೆ ಬಯಲಾಗುತ್ತದೆ. ಆದುದರಿಂದ ನೀರಿನ ಅಲುಗಾಟವನ್ನಷ್ಟೇ ತೋರಿಸಿ ಉಳಿದುದನ್ನು ಸಂಗೀತಕ್ಕೆ ಬಿಡುವುದು ಮಿತವ್ಯಯದ ಮಾರ್ಗ. ಮೂರನೆಯದಾಗಿ, ಅದು ಪ್ರೇಕ್ಷಕನಿಗೆ ಪಾತ್ರಗಳಿಗಿಂತ ಹೆಚ್ಚಿನ ತಿಳಿವಳಿಕೆ ನೀಡುತ್ತದೆ. ಈಜುತ್ತಿರುವ ನಾಯಕಿಗೆ ಕೆಳಗೆ ಏನಿದೆಯೆಂದು ತಿಳಿಯದು. ಕೇಳುಗನಿಗೆ ತಿಳಿದಿದೆ. ಭಯವು ಹುಟ್ಟುವುದು ಈ ಅಂತರದಲ್ಲಿ.

ಇದೇ ಕಾಲದಲ್ಲಿ ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆಗೆ ಕೆಲಸ ಮಾಡಿದ ಜೇಮ್ಸ್ ಬರ್ನಾರ್ಡ್ ಕೂಡ ಇಂತಹುದೇ ಪರಿಹಾರವನ್ನು ಕಂಡುಕೊಂಡನು. ೧೯೫೮ರ 'ಡ್ರಾಕುಲಾ' ಚಿತ್ರದಲ್ಲಿ ಅವನು ಆ ಹೆಸರಿನ ಮೂರು ಅಕ್ಷರಗಳನ್ನೇ ಮೂರು ಸ್ವರಗಳಾಗಿ ಮಾರ್ಪಡಿಸಿದನು. ವಾದ್ಯಗಳೇ ಆ ಹೆಸರನ್ನು ಕೂಗಿದಂತೆ ಕೇಳುತ್ತದೆ. ಅದಕ್ಕೂ ಮೊದಲು 'ದ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' (೧೯೫೫) ಚಿತ್ರಕ್ಕೆ ತಂತಿವಾದ್ಯ ಮತ್ತು ತಾಳವಾದ್ಯಗಳನ್ನಷ್ಟೇ ಬಳಸಿ ಅವನು ಸಂಗೀತ ರಚಿಸಿದ್ದನು. ಸಾಧನಗಳ ಮಿತಿಯು ಆಶಯವನ್ನು ಕಿರಿದಾಗಿಸಿ ಹರಿತಗೊಳಿಸಿದ ಉದಾಹರಣೆಗಳಿವು.

ಥೆರೆಮಿನ್: ಅನ್ಯಲೋಕದ ನಾದ

ವಿಜ್ಞಾನ ಕಥಾಚಿತ್ರಗಳ ಸಂಗೀತಕ್ಕೆ ವಿಶಿಷ್ಟ ಗುರುತು ನೀಡಿದ ವಾದ್ಯ ಥೆರೆಮಿನ್. ರಷ್ಯದ ಭೌತವಿಜ್ಞಾನಿ ಲೆವ್ ತೆರ್ಮೆನ್ ೧೯೨೦ರ ಸುಮಾರಿಗೆ ಇದನ್ನು ರೂಪಿಸಿ, ೧೯೨೮ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದನು. ವಾದಕನು ಮುಟ್ಟದೆ ನುಡಿಸುವ ವಾದ್ಯವಿದು. ಪೆಟ್ಟಿಗೆಯಿಂದ ಹೊರಚಾಚಿದ ಎರಡು ಲೋಹದ ಆಂಟೆನಾಗಳ ಸುತ್ತ ವಿದ್ಯುತ್ ಕ್ಷೇತ್ರವಿರುತ್ತದೆ. ಒಂದರ ಬಳಿ ಕೈ ಸರಿದಂತೆ ಸ್ವರದ ಎತ್ತರ ಬದಲಾದರೆ, ಇನ್ನೊಂದರ ಬಳಿ ಸರಿದಾಗ ನಾದದ ಪ್ರಮಾಣ ಬದಲಾಗುತ್ತದೆ. ಸ್ವರದಿಂದ ಸ್ವರಕ್ಕೆ ಜಿಗಿಯಲು ಮನೆಗಳಿಲ್ಲದ ಕಾರಣ ನಾದವು ಜಾರುತ್ತ ಸಾಗುತ್ತದೆ. ಮನುಷ್ಯ ಕಂಠವನ್ನು ಹೋಲುತ್ತಲೇ ಮನುಷ್ಯನದಲ್ಲವೆಂದು ತೋರುವ ಗುಣ ಅದಕ್ಕೆ ಬಂದುದು ಇದರಿಂದ.

ತೆರ್ಮೆನ್‌ಗೆ ಇದು ಭವಿಷ್ಯದ ಶಾಸ್ತ್ರೀಯ ವಾದ್ಯವಾಗಬೇಕೆಂಬ ಆಸೆಯಿತ್ತು. ಅದನ್ನು ಭೀತಿಯ ಸೂತ್ರವಾಗಿ ಮಾಡಿದುದು ಸಿನಿಮಾ. 'ಸ್ಪೆಲ್‌ಬೌಂಡ್' (೧೯೪೫) ಚಿತ್ರದಲ್ಲಿ ಮಿಕ್ಲೋಶ್ ರೋಜಾ ಇದನ್ನು ಮನೋವಿಕಾರದ ಸಂಕೇತವಾಗಿ ಬಳಸಿದನು. ಐದು ವರ್ಷಗಳ ಅನಂತರ, ಒಂದು ಲಕ್ಷ ಡಾಲರಿಗೂ ಕಡಿಮೆ ವೆಚ್ಚದಲ್ಲಿ ತಯಾರಾದ 'ರಾಕೆಟ್‌ಶಿಪ್ ಎಕ್ಸ್-ಎಂ' (೧೯೫೦) ಚಿತ್ರಕ್ಕೆ ಫರ್ಡಿ ಗ್ರೋಫೆ ಸಂಗೀತ ರಚಿಸುವಾಗ ಇದೇ ವಾದ್ಯವನ್ನು ಮಂಗಳಗ್ರಹದ ಯಾನಕ್ಕೆ ತಂದನು. ಮರುವರ್ಷ ದೊಡ್ಡ ವೆಚ್ಚದ 'ದ ಡೇ ದ ಅರ್ಥ್ ಸ್ಟುಡ್ ಸ್ಟಿಲ್' ಚಿತ್ರದಲ್ಲಿ ಬರ್ನಾರ್ಡ್ ಹರ್ಮನ್ ಎರಡು ಥೆರೆಮಿನ್‌ಗಳನ್ನು ಬಳಸಿದನು. ೧೯೫೩ರ 'ಇಟ್ ಕೇಮ್ ಫ್ರಮ್ ಔಟರ್ ಸ್ಪೇಸ್' ಚಿತ್ರದ ಹೊತ್ತಿಗೆ ಥೆರೆಮಿನ್ ಕೇಳಿದೊಡನೆ ಅನ್ಯಗ್ರಹ ಜೀವಿಯ ಸುಳಿವೆಂದು ಪ್ರೇಕ್ಷಕರು ಗ್ರಹಿಸುವಷ್ಟು ಅದು ರೂಢಿಗತವಾಗಿತ್ತು. ರೋಗಿಯ ಮನಸ್ಸಿನಿಂದ ಅಂತರಿಕ್ಷಕ್ಕೆ ಒಂದು ನಾದದ ಅರ್ಥ ಪಲ್ಲಟಗೊಳ್ಳಲು ಹಿಡಿದುದು ಹತ್ತು ವರ್ಷಕ್ಕೂ ಕಡಿಮೆ ಅವಧಿ.

ಈ ಚಿತ್ರಗಳಲ್ಲಿ ಅನೇಕ ಕಡೆ ಥೆರೆಮಿನ್ ನುಡಿಸಿದವನು ಸ್ಯಾಮುವೆಲ್ ಹಾಫ್‌ಮನ್ (೧೯೦೩-೧೯೬೭). ಅವನು ವೃತ್ತಿಯಿಂದ ಪಾದರೋಗಗಳ ವೈದ್ಯ. 'ಸ್ಪೆಲ್‌ಬೌಂಡ್' ಚಿತ್ರಕ್ಕೆ ಸ್ವರಲಿಪಿ ಓದಿ ನುಡಿಸಬಲ್ಲ ಥೆರೆಮಿನ್ ವಾದಕ ಬೇಕಾದಾಗ ಅವನಿಗೆ ಅವಕಾಶ ದೊರೆಯಿತು. ಹಗಲು ಚಿಕಿತ್ಸಾಲಯ ನಡೆಸುತ್ತಿದ್ದ ಒಬ್ಬ ವ್ಯಕ್ತಿಯ ಕೈಗಳಿಂದ ಒಂದು ತಲೆಮಾರಿನ ಪ್ರೇಕ್ಷಕರ ಪಾಲಿನ ಅನ್ಯಲೋಕದ ಧ್ವನಿ ಮೂಡಿಬಂದಿತೆಂಬುದು, ಪರಂಪರೆಯೊಂದು ಎಷ್ಟು ಕೆಲವೇ ಕಸುಬುದಾರರ ಮೇಲೆ ನಿಂತಿರಬಹುದೆಂಬುದಕ್ಕೆ ಸಾಕ್ಷಿ.

ಸಿದ್ಧಸಂಗೀತದ ಭಂಡಾರಗಳು

ಯೂನಿವರ್ಸಲ್‌ನಂತಹ ಸಂಸ್ಥೆಗೆ ಸ್ವಂತ ವಾದ್ಯವೃಂದವಿತ್ತು. ಅದಿಲ್ಲದ ಬಡ ನಿರ್ಮಾಪಕರು ಮೊದಲೇ ಧ್ವನಿಮುದ್ರಿಸಿಟ್ಟ ಸಿದ್ಧಸಂಗೀತವನ್ನು ಬಾಡಿಗೆಗೆ ಪಡೆಯುತ್ತಿದ್ದರು. ಎಡ್ ವುಡ್ ನಿರ್ದೇಶಿಸಿದ 'ಪ್ಲಾನ್ ೯ ಫ್ರಮ್ ಔಟರ್ ಸ್ಪೇಸ್' ಇದಕ್ಕೆ ಹೆಸರಾಂತ ಉದಾಹರಣೆ. ೧೯೫೬ರಲ್ಲಿ ಚಿತ್ರೀಕರಣಗೊಂಡ ಈ ಚಿತ್ರದ ಸಂಗೀತ ಮೇಲ್ವಿಚಾರಕನೆಂದು ಗಾರ್ಡನ್ ಜಾಹ್ಲರ್‌ನ ಹೆಸರಿದೆ. ಶೀರ್ಷಿಕೆಯ ಮೇಲೆ ಕೇಳಿಬರುವ ಬಿರುಸಿನ ಸಂಗೀತವು ಬ್ರಿಟನ್ನಿನ ಟ್ರೆವರ್ ಡಂಕನ್ ಬೇರೊಂದು ಉದ್ದೇಶಕ್ಕೆ ರಚಿಸಿದ 'ಗ್ರಿಪ್ ಆಫ್ ದ ಲಾ' ಎಂಬ ತುಣುಕು. ಹೆಸರೇ ಸೂಚಿಸುವಂತೆ ಅದು ಕಾನೂನು, ಅಪರಾಧಗಳ ಸನ್ನಿವೇಶಕ್ಕೆ ಹೊಂದುವಂತಹದು. ಜಾಹ್ಲರ್ ಅದನ್ನು ಸಮಾಧಿಯಿಂದೇಳುವ ಶವಗಳ ಕಥೆಗೆ ಜೋಡಿಸಿದನು. ಜಾಹ್ಲರ್‌ನ ತಂದೆ ಲೀ ಜಾಹ್ಲರ್ ಧಾರಾವಾಹಿ ಚಿತ್ರಗಳ ಸಂಗೀತ ಸಂಯೋಜಕನಾಗಿದ್ದನು. ಬಾಲ್ಯದಲ್ಲಿ ಅಪಘಾತದಿಂದ ಅಂಗಾಂಗಗಳ ಸ್ವಾಧೀನ ಕಳೆದುಕೊಂಡ ಮಗನು ತಂದೆ ಬಿಟ್ಟುಹೋದ ಸಂಗೀತ ಸಂಗ್ರಹವನ್ನೇ ಬಂಡವಾಳವಾಗಿಸಿಕೊಂಡು ಉದ್ಯಮ ಕಟ್ಟಿದನು. ತಂದೆಯಿಂದ ಮಗನಿಗೆ ಕಸುಬಿನ ಭಂಡಾರ ಹಸ್ತಾಂತರವಾದ ಈ ಪ್ರಸಂಗವು ಗಮನಿಸತಕ್ಕದ್ದು.

೧೯೫೮ರಲ್ಲಿ ಅಮೆರಿಕದ ವಾದಕರ ಸಂಘವು ಸ್ಟುಡಿಯೋಗಳ ವಿರುದ್ಧ ಮುಷ್ಕರ ಹೂಡಿತು. ಅದರ ಪರಿಣಾಮವಾಗಿ ಸ್ಟುಡಿಯೋಗಳು ಖಾಯಂ ವಾದ್ಯವೃಂದಗಳನ್ನು ಇರಿಸಿಕೊಳ್ಳುವ ಪದ್ಧತಿ ಕೊನೆಗೊಂಡಿತು. ಸಿದ್ಧಸಂಗೀತದ ಮೇಲಿನ ಅವಲಂಬನೆ ಇನ್ನಷ್ಟು ಹೆಚ್ಚಿತು. ಕ್ಯಾಪಿಟಲ್ ಸಂಸ್ಥೆಯ 'ಹೈ-ಕ್ಯೂ' ಸಂಗೀತ ಭಂಡಾರವು ಇಂತಹ ಅಗತ್ಯವನ್ನು ಪೂರೈಸುತ್ತಿತ್ತು. ಜಾರ್ಜ್ ರೊಮೆರೊ ನಿರ್ದೇಶಿಸಿದ 'ನೈಟ್ ಆಫ್ ದ ಲಿವಿಂಗ್ ಡೆಡ್' (೧೯೬೮) ಪಿಟ್ಸ್‌ಬರ್ಗ್ ಸಮೀಪ ಸುಮಾರು ೧,೧೪,೦೦೦ ಡಾಲರುಗಳಲ್ಲಿ ತಯಾರಾದ ಚಿತ್ರ. ಅದರ ಸಂಗೀತವನ್ನು ಈ ಭಂಡಾರದಿಂದ ಆರಿಸಿಕೊಳ್ಳಲಾಯಿತು. ಅದರಲ್ಲಿನ ಕೆಲವು ಭಾಗಗಳು 'ಟೀನೇಜರ್ಸ್ ಫ್ರಮ್ ಔಟರ್ ಸ್ಪೇಸ್' (೧೯೫೯) ಎಂಬ ಚಿತ್ರದಲ್ಲಿ ಅದಾಗಲೇ ಕೇಳಿಬಂದಿದ್ದವು. ಮೊದಲ ಚಿತ್ರದಲ್ಲಿ ಬಾಲಿಶವೆನಿಸಿದ ಸ್ವರಗಳು ಎರಡನೆಯದರಲ್ಲಿ ಎದೆ ನಡುಗಿಸಿದವು. ಸೂತ್ರದ ಅರ್ಥವು ಸೂತ್ರದಲ್ಲಿಯೇ ಇರುವುದಿಲ್ಲ, ಪ್ರಯೋಗದ ಸಂದರ್ಭದಲ್ಲಿರುತ್ತದೆ ಎಂಬ ಜಾನಪದ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಕೊರತೆಯೊಳಗಿನ ಪ್ರಯೋಗ

ಅಲ್ಪವೆಚ್ಚವು ಮರುಬಳಕೆಗೆ ಮಾತ್ರ ಎಡೆಮಾಡಿತೆಂದು ಭಾವಿಸಬೇಕಾಗಿಲ್ಲ. ಮೇಲ್ವಿಚಾರಣೆ ಕಡಿಮೆಯಿದ್ದ ಕಾರಣ ಕೆಲವರಿಗೆ ಅದು ಪ್ರಯೋಗದ ಅವಕಾಶವನ್ನೂ ಒದಗಿಸಿತು. ೧೯೫೦ರ ದಶಕದ ಮೊದಲ ಭಾಗದಲ್ಲಿ, ಎಡಪಂಥೀಯ ಒಲವಿನ ಶಂಕೆಯಿಂದ ದೊಡ್ಡ ಸ್ಟುಡಿಯೋಗಳ ಬಾಗಿಲು ಮುಚ್ಚಿದಾಗ, ಎಲ್ಮರ್ ಬರ್ನ್‌ಸ್ಟೈನ್ 'ರೋಬೋಟ್ ಮಾನ್‌ಸ್ಟರ್' ಮತ್ತು 'ಕ್ಯಾಟ್-ವಿಮೆನ್ ಆಫ್ ದ ಮೂನ್' (ಎರಡೂ ೧೯೫೩) ಚಿತ್ರಗಳಿಗೆ ಸಂಗೀತ ನೀಡಿದನು. ಮೊದಲನೆಯದರಲ್ಲಿ ಖಳನಾದ ಯಂತ್ರಮಾನವನೆಂದರೆ ಗೊರಿಲ್ಲಾ ಉಡುಪಿನ ಮೇಲೆ ಮುಳುಗುಗಾರರ ಶಿರಸ್ತ್ರಾಣದಂತಹದನ್ನು ಧರಿಸಿದ ನಟ. ಅಂತಹ ದೃಶ್ಯಕ್ಕೂ ಬರ್ನ್‌ಸ್ಟೈನ್ ಪೂರ್ಣ ಗಾಂಭೀರ್ಯದಿಂದ ಸಂಗೀತ ರಚಿಸಿದನು. ಮೂರು ವರ್ಷಗಳ ಅನಂತರ 'ದ ಟೆನ್ ಕಮಾಂಡ್‌ಮೆಂಟ್ಸ್' ಚಿತ್ರದ ಸಂಗೀತಕಾರನಾಗಿ ಅವನು ಖ್ಯಾತಿ ಪಡೆದನು.

ರೋಜರ್ ಕಾರ್ಮನ್ (೧೯೨೬-೨೦೨೪) ನಿರ್ಮಿಸಿದ ಚಿತ್ರಗಳಿಗೆ ಸಂಗೀತ ನೀಡಿದ ಫ್ರೆಡ್ ಕ್ಯಾಟ್ಜ್ ಮೂಲತಃ ಜಾಜ್ ತಂಡವೊಂದರ ಚೆಲ್ಲೊ ವಾದಕ. 'ಎ ಬಕೆಟ್ ಆಫ್ ಬ್ಲಡ್' (೧೯೫೯) ಚಿತ್ರಕ್ಕೆ ಅವನು ರಚಿಸಿದ ಸಂಗೀತವೇ ಮುಖ್ಯ ಚಿತ್ರೀಕರಣವನ್ನು ಎರಡು ದಿನಗಳಲ್ಲಿ ಮುಗಿಸಿದ 'ದ ಲಿಟಲ್ ಶಾಪ್ ಆಫ್ ಹಾರರ್ಸ್' (೧೯೬೦) ಮೊದಲಾದ ಚಿತ್ರಗಳಲ್ಲಿ ಮತ್ತೆ ಮತ್ತೆ ಬಳಕೆಯಾಯಿತು. ಇದೇ ಕ್ಯಾಟ್ಜ್ ಮುಂದೆ ಕ್ಯಾಲಿಫೋರ್ನಿಯದ ನಾರ್ಥ್‌ರಿಡ್ಜ್‌ನ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ವಿಭಾಗದ ಪ್ರಾಧ್ಯಾಪಕನಾಗಿ ಬುಡಕಟ್ಟು ಹಾಗೂ ಜನಾಂಗೀಯ ಸಂಗೀತವನ್ನು ಬೋಧಿಸಿದನು.

ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ ತಯಾರಾದ 'ಕಾರ್ನಿವಲ್ ಆಫ್ ಸೋಲ್ಸ್' (೧೯೬೨) ಚಿತ್ರದಲ್ಲಿ ಜೀನ್ ಮೂರ್ ಆರ್ಗನ್ ಒಂದನ್ನೇ ನೆಚ್ಚಿಕೊಂಡನು. ಕಥಾನಾಯಕಿ ಚರ್ಚಿನ ಆರ್ಗನ್ ವಾದಕಿ. ಅವಳ ಕೈಗಳು ಪ್ರಾರ್ಥನಾಗೀತೆಯಿಂದ ತಪ್ಪಿ ಪ್ರೇತನಾದಕ್ಕೆ ಜಾರಿದಾಗ ಪಾದ್ರಿ ಅವಳನ್ನು ಕೆಲಸದಿಂದ ತೆಗೆಯುತ್ತಾನೆ. ಒಂದೇ ವಾದ್ಯದ ಮಿತಿಯು ಇಲ್ಲಿ ಕಥೆಯ ತಿರುಳಾಗಿ ಪರಿಣಮಿಸಿದೆ. ಸುಮಾರು ಮೂರು ಲಕ್ಷ ಡಾಲರುಗಳ ವೆಚ್ಚದ 'ಹ್ಯಾಲೋವೀನ್' (೧೯೭೮) ಚಿತ್ರಕ್ಕೆ ನಿರ್ದೇಶಕ ಜಾನ್ ಕಾರ್ಪೆಂಟರ್ ತಾನೇ ಪಿಯಾನೊ ಮತ್ತು ಸಿಂಥಸೈಜರ್‌ಗಳಿಂದ ಸಂಗೀತ ಕಟ್ಟಿದನು. ಐದು ಮಾತ್ರೆಗಳ ಆವರ್ತದ ಆ ಲಯವನ್ನು ಅವನಿಗೆ ಬಾಲ್ಯದಲ್ಲಿ ಕಲಿಸಿದವನು ಸಂಗೀತದ ಪ್ರಾಧ್ಯಾಪಕನಾಗಿದ್ದ ತಂದೆ. ಚಿತ್ರದ ಕೊನೆಯ ಹೆಸರುಪಟ್ಟಿಯಲ್ಲಿ 'ಬೌಲಿಂಗ್ ಗ್ರೀನ್ ಫಿಲ್ಹಾರ್ಮೋನಿಕ್' ವಾದ್ಯವೃಂದದ ಹೆಸರಿದೆ. ಅಂತಹ ವಾದ್ಯವೃಂದ ಆ ಸಂಗೀತವನ್ನು ನುಡಿಸಿರಲಿಲ್ಲ. ಅದು ಕಾರ್ಪೆಂಟರ್ ತಾನು ಬೆಳೆದ ಊರಿನ ಹೆಸರಿನಲ್ಲಿ ಮಾಡಿದ ವಿನೋದ.

ಅನಾಮಿಕತೆಯ ಪ್ರಶ್ನೆ

ಕಾರ್ಪೆಂಟರನ ಚಿತ್ರದಲ್ಲಿ ವಾದಕರಿಲ್ಲದ ಹೆಸರೊಂದಿದ್ದರೆ, ೧೯೫೦ರ ದಶಕದ ಚಿತ್ರಗಳಲ್ಲಿ ಹೆಸರಿಲ್ಲದ ಸಂಯೋಜಕರಿದ್ದರು. 'ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್' ಚಿತ್ರದ ಶೀರ್ಷಿಕೆ ಪಟ್ಟಿಯಲ್ಲಿ ಸಂಗೀತಕ್ಕೆ ಸಂಬಂಧಿಸಿದಂತೆ ಕಾಣುವುದು ಗೆರ್ಶೆನ್‌ಸನ್‌ನ ಹೆಸರು ಮಾತ್ರ. ಸ್ಟೈನ್, ಸಾಲ್ಟರ್, ಮ್ಯಾನ್ಸಿನಿ ಮೂವರೂ ಅಲ್ಲಿಲ್ಲ. 'ಇಟ್ ಕೇಮ್ ಫ್ರಮ್ ಔಟರ್ ಸ್ಪೇಸ್' ಚಿತ್ರಕ್ಕೆ ದುಡಿದ ಅರ್ವಿಂಗ್ ಗರ್ಟ್ಜ್‌ನದೂ ಇದೇ ಸ್ಥಿತಿ. ಇದು ಒಬ್ಬ ವ್ಯಕ್ತಿಯ ವಂಚನೆಯಾಗಿರಲಿಲ್ಲ. ಸಾಮೂಹಿಕವಾಗಿ ಮಾಡಿದ ಕೆಲಸಕ್ಕೆ ವಿಭಾಗದ ಮುಖ್ಯಸ್ಥನ ಹೆಸರನ್ನಷ್ಟೇ ನಮೂದಿಸುವುದು ಅಂದಿನ ವಾಡಿಕೆ. ಆದರೆ ವಾಡಿಕೆಯ ಫಲ ಅನ್ಯಾಯವೇ ಆಯಿತು. ಮ್ಯಾನ್ಸಿನಿ ೧೯೫೮ರಲ್ಲಿ ಯೂನಿವರ್ಸಲ್ ತೊರೆದ ಮೇಲೆ ದೂರದರ್ಶನ ಹಾಗೂ ಚಲನಚಿತ್ರಗಳಲ್ಲಿ ಜಗತ್ಪ್ರಸಿದ್ಧನಾದನು. ಆದುದರಿಂದ ಅವನ ಆರಂಭದ ಕೆಲಸವನ್ನು ಜನರು ಹುಡುಕಿ ತೆಗೆದರು. ಸ್ಟೈನ್‌ನ ಮೂರು ಸ್ವರಗಳು ಅವನ ಹೆಸರಿಗಿಂತ ಎಷ್ಟೋ ಪಾಲು ಪ್ರಸಿದ್ಧವಾಗಿ ಉಳಿದವು.

ಈ ಹೆಸರುಗಳು ಸಂಪೂರ್ಣವಾಗಿ ಅಳಿಯದಂತೆ ಕಾಪಾಡಿದುದು 'ಕ್ಯೂ ಶೀಟ್' ಎಂಬ ಕಚೇರಿಯ ಕಾಗದ. ಚಿತ್ರದ ಯಾವ ಭಾಗದಲ್ಲಿ ಯಾರು ರಚಿಸಿದ ಯಾವ ತುಣುಕು ಎಷ್ಟು ನಿಮಿಷ, ಎಷ್ಟು ಸೆಕೆಂಡು ಬಳಕೆಯಾಗಿದೆ ಎಂಬುದನ್ನು ಗೌರವಧನದ ಲೆಕ್ಕಕ್ಕಾಗಿ ಅದರಲ್ಲಿ ದಾಖಲಿಸಲಾಗುತ್ತಿತ್ತು. ಪರದೆಯ ಮೇಲೆ ಮರೆಯಾದ ಹೆಸರು ಲೆಕ್ಕದ ಕಡತದಲ್ಲಿ ಉಳಿದಿತ್ತು. ಡೇವಿಡ್ ಶೆಕ್ಟರ್ ಮತ್ತು ಕ್ಯಾಥ್ಲೀನ್ ಮೇನ್ ಇಂತಹ ದಾಖಲೆಗಳನ್ನೂ ಉಳಿದ ಸ್ವರಲಿಪಿಗಳನ್ನೂ ಆಧರಿಸಿ, ೧೯೯೬ರಿಂದ 'ಮಾನ್‌ಸ್ಟ್ರಸ್ ಮೂವಿ ಮ್ಯೂಸಿಕ್' ಎಂಬ ಮಾಲಿಕೆಯಲ್ಲಿ ಈ ಸಂಗೀತವನ್ನು ಹೊಸದಾಗಿ ನುಡಿಸಿ ಧ್ವನಿಮುದ್ರಿಸುವ ಕಾರ್ಯ ಕೈಗೊಂಡರು. ಪ್ರತಿ ತುಣುಕಿನ ಮುಂದೆ ಅದರ ನಿಜವಾದ ಸಂಯೋಜಕನ ಹೆಸರು ಬಂದಿತು. ಸ್ಟೈನ್, ಗರ್ಟ್ಜ್ ಇಬ್ಬರೂ ಆಗ ಜೀವಂತರಾಗಿದ್ದು ತಮ್ಮ ಹೆಸರಿನೊಂದಿಗೆ ತಮ್ಮ ಸಂಗೀತ ಹೊರಬಂದುದನ್ನು ಕಂಡರು ಎಂಬುದು ಸಮಾಧಾನದ ಸಂಗತಿ. ಸಾಲ್ಟರ್, ಮ್ಯಾನ್ಸಿನಿ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು.

ಎಲ್ಲ ಸಂಸ್ಥೆಗಳ ದಾಖಲೆಗಳಿಗೂ ಈ ಭಾಗ್ಯ ದೊರೆಯಲಿಲ್ಲ. ಹಾಲಿವುಡ್ಡಿನ ಅತಿ ಶ್ರೀಮಂತ ಸಂಸ್ಥೆಗಳಲ್ಲಿ ಒಂದಾಗಿದ್ದ ಎಂಜಿಎಂ, ೧೯೬೯ರ ಸುಮಾರಿಗೆ ಆಡಳಿತ ಬದಲಾದಾಗ ತನ್ನ ಸ್ವರಲಿಪಿ ಸಂಗ್ರಹವನ್ನು ಕಸದೊಂದಿಗೆ ನೆಲದಲ್ಲಿ ಹೂಳಿಸಿತು. ಶ್ರೀಮಂತರ ದಾಖಲೆಗೇ ಇಂತಹ ಗತಿಯಾದಾಗ ಸಣ್ಣ ನಿರ್ಮಾಪಕರ ಕಾಗದಪತ್ರಗಳ ಸ್ಥಿತಿಯನ್ನು ಊಹಿಸಬಹುದು.

ಸಮಾರೋಪ

ಅಲ್ಪವೆಚ್ಚದ ಭಯಾನಕ ಮತ್ತು ವಿಜ್ಞಾನ ಕಥಾಚಿತ್ರಗಳ ಸಂಗೀತವನ್ನು ಸ್ವೋಪಜ್ಞತೆಯ ಅಳತೆಗೋಲಿನಿಂದ ಅಳೆದರೆ ಅದು ಕೊರತೆಯಾಗಿ ಕಾಣುತ್ತದೆ. ಸೂತ್ರ, ಭಿನ್ನಪಾಠ, ಪ್ರದರ್ಶನ, ಸಂದರ್ಭ ಎಂಬ ಪರಿಕಲ್ಪನೆಗಳಿಂದ ನೋಡಿದಾಗ ಅದು ಒಂದು ಜೀವಂತ ಪರಂಪರೆಯಾಗಿ ಗೋಚರಿಸುತ್ತದೆ. ಅದರ ಘಟಕಗಳು ಚಿತ್ರದಿಂದ ಚಿತ್ರಕ್ಕೆ ಸಂಚರಿಸಿದವು, ಸಂಚರಿಸುತ್ತ ಅರ್ಥ ಬದಲಿಸಿಕೊಂಡವು, ಕೊನೆಗೆ ಮೂಲವನ್ನೇ ಅರಿಯದವರ ಕಿವಿಗೂ ಭೀತಿಯ ಭಾಷೆಯಾದವು. ಜಾನಪದ ಅಧ್ಯಯನದ ಉಪಕರಣಗಳು ಈ ಸಂಗೀತವನ್ನು ಅರಿಯಲು ನೆರವಾಗುತ್ತವೆ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಅಧ್ಯಯನವು ಜಾನಪದ ಶಿಸ್ತಿಗೆ ಒಂದು ಎಚ್ಚರಿಕೆಯನ್ನೂ ನೀಡುತ್ತದೆ. 'ಪರಂಪರೆ', 'ಸಾಮೂಹಿಕ ಸೃಷ್ಟಿ' ಎಂಬ ಮಾತುಗಳು ಎಷ್ಟೇ ಸರಿಯಾಗಿದ್ದರೂ ಕೆಲಸ ಮಾಡಿದ ವ್ಯಕ್ತಿಯನ್ನು ಮರೆಮಾಡಲು ಅವು ನೆಪವಾಗಬಾರದು. ಮೂರು ಸ್ವರಗಳ ಆಶಯ ಎಲ್ಲರ ಸೊತ್ತಾದುದು ನಿಜ. ಅದನ್ನು ಮೊದಲು ಬರೆದವನು ಹರ್ಮನ್ ಸ್ಟೈನ್ ಎಂಬುದೂ ಅಷ್ಟೇ ನಿಜ. ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಆರಂಭದ ಜಾನಪದ ಸಂಗ್ರಹಗಳಲ್ಲಿ ಎಷ್ಟೋ ಹಾಡುಗಳ ಕೆಳಗೆ ವಕ್ತೃವಿನ ಹೆಸರಿಲ್ಲ. ಹೆಸರನ್ನು ಬರೆದಿಡುವ ಅಗತ್ಯ ಸಂಗ್ರಾಹಕರಿಗೆ ತೋರಲಿಲ್ಲ. ಸ್ಟುಡಿಯೋದ ಲೆಕ್ಕದ ಕಾಗದವು ಮಾಡಿದ ಕನಿಷ್ಠ ಕೆಲಸವನ್ನಾದರೂ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ ಮಾಡಬೇಕು: ಯಾರು ಹಾಡಿದರು, ಯಾವ ದಿನ, ಎಷ್ಟು ಹೊತ್ತು. ಸಾಲ್ಟರ್ ಮತ್ತು ಮ್ಯಾನ್ಸಿನಿಯರ ಪಾಲಿಗೆ ಎರಡು ವರ್ಷ ತಡವಾಗಿ ಬಂದ ಮನ್ನಣೆಯನ್ನು ನೆನೆದರೆ, ಈ ಕೆಲಸವನ್ನು ಮುಂದಿನ ತಲೆಮಾರಿಗೆ ಬಿಡದೆ ಹಾಡುವವರು ಬದುಕಿರುವಾಗಲೇ ಮಾಡುವುದು ಎಷ್ಟು ಅವಶ್ಯವೆಂಬುದು ಮನದಟ್ಟಾಗುತ್ತದೆ.